ಚಿಕ್ಕ ತೋಟೆ ನುಂಗದ ಕೋವಿ

ಹೊಸ ಕೋವಿ ಕೈಗೆ ಬಂದ ವಾರವೇ ಕ್ಲೇ ಮೈದಾನಕ್ಕೆ, ಅಂದರೆ ಗಾಳಿಗೆ ಎಸೆದ ಬಿಲ್ಲೆಗಳನ್ನು ಹೊಡೆದು ಒಡೆಯುವ ಆಟದ ಜಾಗಕ್ಕೆ, ಒಯ್ದಿದ್ದೆ. ಇಪ್ಪತ್ತೈದು ತೋಟೆ ಹಾರಿಸುವಷ್ಟರಲ್ಲಿ ಅದು ಆರು ಸಲ ಸಿಕ್ಕಿಹಾಕಿಕೊಂಡಿತು. ಜೋಡಿ ಬಿಲ್ಲೆಗಳಲ್ಲಿ ಮೊದಲನೆಯದು ಒಡೆಯುತ್ತಿತ್ತು. ಎರಡನೆಯದು ನನ್ನ ಕಣ್ಣೆದುರೇ ಆರಾಮಾಗಿ ತೇಲಿ ಹೋಗಿ ಹುಲ್ಲಿನ ಮೇಲೆ ಕೂರುತ್ತಿತ್ತು. ಕೋವಿಯ ಪಕ್ಕದ ಕಿಂಡಿ ನೋಡಿದರೆ ಖಾಲಿ ತೋಟೆ ಅಲ್ಲೇ ಅಡ್ಡ ನಿಂತಿರುತ್ತಿತ್ತು, ಗಂಟಲಲ್ಲಿ ಸಿಕ್ಕ ಮೂಳೆಯ ಹಾಗೆ. ಹಿಂದೆ ಸರದಿಗೆ ಕಾಯುತ್ತಿದ್ದವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಮುಜುಗರ.

ಕೊನೆಗೆ ಒಬ್ಬ ಹಿರಿಯರು ನನ್ನ ತೋಟೆಯ ಡಬ್ಬಿ ಎತ್ತಿ ನೋಡಿದರು. 24 ಗ್ರಾಂ ಚರೆ, ಅಂದರೆ ಸಣ್ಣ ಗುಂಡುಗಳು, ಇರುವ ಹಗುರ ತೋಟೆ. ಆಮೇಲೆ ನಳಿಗೆಯ ಮೇಲೆ ಕೊರೆದಿದ್ದ ಅಕ್ಷರ ನೋಡಿದರು. ಮೂರೂವರೆ ಇಂಚಿನ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು. "ನಿಮ್ಮ ಕೋವಿಗೆ ಹೊಟ್ಟೆ ದೊಡ್ಡದು. ಇಷ್ಟು ಸಣ್ಣ ತುತ್ತು ಅದರ ಗಮನಕ್ಕೇ ಬರ್ತಿಲ್ಲ," ಎಂದರು.

ಆ ಕೋವಿ ಕೊಳ್ಳುವ ಮೊದಲು ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ್ದೆ. ಇದು ಎಷ್ಟು ದೊಡ್ಡ ತೋಟೆ ಹಾರಿಸುತ್ತದೆ? ಬೇಟೆಗೂ ಆಗಬೇಕು, ಕ್ಲೇಗೂ ಆಗಬೇಕು, ಒಂದೇ ಕೋವಿ ಸಾಕು ಎಂಬುದು ನನ್ನ ಆಸೆ. ಎಲ್ಲಕ್ಕೂ ಆಗಬೇಕೆಂದರೆ ಎಲ್ಲಕ್ಕಿಂತ ದೊಡ್ಡದು ತಗೊಂಡರಾಯಿತು, ಅದರೊಳಗೆ ಚಿಕ್ಕದೂ ಸೇರುತ್ತದೆ ಎಂಬ ಲೆಕ್ಕ. ದೊಡ್ಡ ಚೀಲದಲ್ಲಿ ಸಣ್ಣ ಸಾಮಾನೂ ಹಿಡಿಯುತ್ತದೆ, ಅಲ್ವಾ? ಒಂದು ಈಡು ಹಾರಿದೊಡನೆ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ನಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಯಾಕೆ ಎಂದು ಅರ್ಥವಾಗಲು ನನಗೆ ಎರಡು ವರ್ಷ ಮತ್ತು ಇನ್ನೊಂದು ಕೋವಿ ಬೇಕಾಯಿತು.

(ಬೇಟೆ ಎಂದಾಗಲೆಲ್ಲ ಕಾನೂನು ಒಪ್ಪುವ ಜಾಗ, ಕಾನೂನು ಒಪ್ಪುವ ಕಾಲ, ಕೈಯಲ್ಲಿ ಲೈಸೆನ್ಸ್ ಎಂದೇ ಓದಿಕೊಳ್ಳಿ. ಪ್ರತಿ ಸಾಲಿನಲ್ಲೂ ಅದನ್ನು ಹೇಳುತ್ತಾ ಕೂರುವುದಿಲ್ಲ.)

ಜೋಡುನಳಿಗೆ ಕೋವಿಗೆ ತೋಟೆ ಎಂಥದ್ದಾದರೂ ಚಿಂತೆಯಿಲ್ಲ. ಹಗುರ ಈಡೋ ಭಾರಿ ಈಡೋ, ಹಾರುತ್ತದೆ, ನೀವು ಮುರಿದು (ಅಂದರೆ ಕೀಲಿನ ಬಳಿ ಬಾಗಿಸಿ ತೆರೆದು) ತೆಗೆಯುತ್ತೀರಿ, ಇನ್ನೊಂದು ತುಂಬುತ್ತೀರಿ. ಕೆಲಸವೆಲ್ಲ ಕೈಯದು. ಸೆಮಿ ಆಟೋ ಹಾಗಲ್ಲ. ಖಾಲಿ ತೋಟೆ ಹೊರಗೆಸೆದು ಹೊಸದನ್ನು ಎಳೆದುಕೊಳ್ಳುವ ಶಕ್ತಿಯನ್ನು ಅದು ಆ ತೋಟೆಯಿಂದಲೇ ಕದಿಯಬೇಕು. ತೋಟೆ ಬಡವಾದರೆ ಕದಿಯಲು ಏನೂ ಸಿಗುವುದಿಲ್ಲ. ತೋಟೆ ಶ್ರೀಮಂತವಾದರೆ ಸಿಕ್ಕಿದ್ದು ಜಾಸ್ತಿಯಾಗಿ ಬೋಲ್ಟ್, ಅಂದರೆ ಚೇಂಬರಿನ ಹಿಂಬಾಗಿಲು, ಹಿಂದಕ್ಕೆ ಹೋಗಿ ಗುದ್ದುತ್ತದೆ, ಒಳಗಿನ ಭಾಗಗಳು ಸವೆಯುತ್ತವೆ. ನೂರಿಪ್ಪತ್ತು ವರ್ಷಗಳಿಂದ ಈ ಕೋವಿ ಮಾಡುವವರ ತಲೆನೋವು ಇದೊಂದೇ.

ಜಾನ್ ಬ್ರೌನಿಂಗ್ ಈ ಜಾತಿಯ ಮೊದಲ ಯಶಸ್ವಿ ಕೋವಿಯನ್ನು ರೂಪಿಸಿದಾಗಲೇ ಈ ತಲೆನೋವು ಇತ್ತು. ಅವನ ಆಟೋ-5 ಕೋವಿಯ ಹಿಂದೆ ಒಂದು ಒಳ್ಳೆಯ ಕಥೆಯಿದೆ. ಮೊದಲು ವಿಂಚೆಸ್ಟರ್ ಕಂಪನಿಯ ಜೊತೆ ಮಾತು ಮುರಿಯಿತು. ಆಮೇಲೆ 1902ರಲ್ಲಿ ರೆಮಿಂಗ್ಟನ್ ಕಂಪನಿಯ ಮುಖ್ಯಸ್ಥನನ್ನು ನೋಡಲು ಹೋಗಿ ಕಾಯುತ್ತಾ ಕೂತಿದ್ದಾಗ, ಆ ಮನುಷ್ಯ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಅಲ್ಲಿನ ಎಫ್‌ಎನ್ ಎಂಬ ಬಂದೂಕು ಕಾರ್ಖಾನೆ ಕೋವಿಯನ್ನು ಒಪ್ಪಿಕೊಂಡಿತು. ಹಿಂಬದಿ ಗೂನು ಬೆನ್ನಿನಂತೆ ಕಾಣುವ ಆ ಕೋವಿ 1998ರ ತನಕ ತಯಾರಾಗುತ್ತಲೇ ಇತ್ತು. ಅದರಲ್ಲಿ ಈಡು ಹಾರಿದ ಕೂಡಲೇ ನಳಿಗೆ ಮತ್ತು ಬೋಲ್ಟ್ ಎರಡೂ ಕೂಡಿಕೊಂಡು ಹಿಂದಕ್ಕೆ ಸರಿಯುತ್ತವೆ. ಮುಂಗೈ ಹಿಡಿಯುವ ಮರದ ಒಳಗೆ ಒಂದು ಸ್ಪ್ರಿಂಗ್, ಜೊತೆಗೆ ಉಜ್ಜಿ ತಡೆಯುವ ಒಂದು ಬಳೆ. ಹಗುರ ತೋಟೆಯಾದರೆ ಬಳೆಯನ್ನು ಒಂದು ಕಡೆ ಇಡಬೇಕು, ಭಾರಿ ತೋಟೆಯಾದರೆ ಇನ್ನೊಂದು ಕಡೆ. ಅಂದರೆ ಬೆಳಿಗ್ಗೆ ಬಾತುಕೋಳಿ, ಸಂಜೆ ಕ್ಲೇ ಎಂದರೆ ನಡುವೆ ಕೋವಿ ಬಿಚ್ಚಿ ಬಳೆ ಬದಲಿಸಬೇಕು. ಮರೆತರೆ ಒದೆತ ಭುಜಕ್ಕೆ ನೆನಪಿಸುತ್ತದೆ.

ಮುಂದೆ ಬಂದದ್ದು ಗ್ಯಾಸ್. ನಳಿಗೆಯ ಗೋಡೆಯಲ್ಲಿ ಸಣ್ಣ ತೂತು ಕೊರೆದು, ಮದ್ದು ಉರಿದ ಅನಿಲದಲ್ಲಿ ಒಂದು ಪಾಲನ್ನು ಪಿಸ್ಟನ್ ಕಡೆಗೆ ತಿರುಗಿಸುವುದು. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ದಾರಿಯನ್ನು ಜನಪ್ರಿಯ ಮಾಡಿತು. ಅದರ ಒದೆತ ಎಷ್ಟು ಮೆತ್ತಗೆ ಎಂದರೆ, ಕ್ಲೇ ಆಡುವ ಕೆಲವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಆದರೆ ಅದರಲ್ಲೂ ಮಾಮೂಲಿ ತೋಟೆಗೆ ಒಂದು ನಳಿಗೆ, ಹೆಚ್ಚು ಬಲದ ಮ್ಯಾಗ್ನಮ್ ತೋಟೆಗೆ ಬೇರೆ. 1987ರಲ್ಲಿ ಬಂದ 11-87 ಮಾದರಿಯಲ್ಲಿ ಹೆಚ್ಚಾದ ಅನಿಲವನ್ನು ಹೊರಗೆ ಬಿಡುವ ವ್ಯವಸ್ಥೆ ಬಂತು. ನನಗೆ ತುಂಬಾ ಇಷ್ಟವಾದ ಉಪಾಯ ಮಾತ್ರ ಅದೇ ಕಂಪನಿಯ 2010ರ ವರ್ಸಾಮ್ಯಾಕ್ಸ್‌ನದ್ದು. ಅದರಲ್ಲಿ ಅನಿಲದ ತೂತುಗಳು ಚೇಂಬರಿನಲ್ಲೇ ಇವೆ, ಒಟ್ಟು ಏಳು. ಚಿಕ್ಕ ತೋಟೆ ಹಾಕಿದರೆ ಏಳೂ ತೆರೆದಿರುತ್ತವೆ. ಮೂರಿಂಚಿನ ತೋಟೆ ತನ್ನ ಉದ್ದದಿಂದಲೇ ಮೂರನ್ನು ಮುಚ್ಚುತ್ತದೆ. ಮೂರೂವರೆ ಇಂಚಿನದು ನಾಲ್ಕನ್ನು ಮುಚ್ಚುತ್ತದೆ. ತೋಟೆ ತನಗೆ ಬೇಕಾದ ಬಾಗಿಲುಗಳನ್ನು ತಾನೇ ಹಾಕಿಕೊಳ್ಳುತ್ತದೆ! ಇದನ್ನು ಮೊದಲ ಸಲ ಓದಿದಾಗ ನಾನು ಒಬ್ಬನೇ ಕೂತು ನಕ್ಕಿದ್ದೆ.

ಇನ್ನೊಂದು ದಾರಿ ಇನರ್ಷಿಯಾದ್ದು, ಅಂದರೆ ಜಡತ್ವದ್ದು. 1967ರಲ್ಲಿ ಶುರುವಾದ ಇಟಲಿಯ ಬೆನೆಲ್ಲಿ ಕಂಪನಿ ಬ್ರೂನೋ ಚಿವೋಲಾನಿ ಎಂಬುವನ ಈ ಉಪಾಯದ ಮೇಲೆ ನಿಂತಿತು. ಈಗ ಹಲವು ಕಂಪನಿಗಳು ಇದೇ ತತ್ವದಲ್ಲಿ ಕೋವಿ ಮಾಡುತ್ತವೆ. ಇಲ್ಲಿ ತೂತೂ ಇಲ್ಲ, ಪಿಸ್ಟನ್ನೂ ಇಲ್ಲ. ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆದರೆ ಬೋಲ್ಟಿನ ಭಾರದ ಭಾಗ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಅದೇ ಲೆಕ್ಕ. ನಡುವೆ ಇರುವ ಗಟ್ಟಿ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಮರುಕ್ಷಣ ಅದು ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಸರಳ, ಹಗುರ, ಒಳಗೆ ಮಸಿ ಕಡಿಮೆ.

ನನ್ನ ಮೊದಲ ಕೋವಿ ಈ ಜಾತಿಯದ್ದು. ಇನರ್ಷಿಯಾ ಕೋವಿ ಕೆಲಸ ಮಾಡಬೇಕಾದರೆ ಕೋವಿ ಹಿಂದಕ್ಕೆ ಚಲಿಸಲೇಬೇಕು. ನನ್ನದು ಮೂರೂವರೆ ಇಂಚಿನ ತೋಟೆಯ ಹೊಡೆತಕ್ಕೆಂದು ಮಾಡಿದ್ದು. ಅದಕ್ಕೆ 24 ಗ್ರಾಂ ಕೊಟ್ಟರೆ ಕೋವಿ ಅಲ್ಲಾಡುವುದೇ ಕಡಿಮೆ. ಸಾಲದ್ದಕ್ಕೆ ಕ್ಲೇಗೆ ಇರಲಿ ಎಂದು ನಾನು ಹಿಂಬದಿಗೆ ಭಾರ ಬೇರೆ ಸೇರಿಸಿದ್ದೆ. ಭಾರ ಹೆಚ್ಚಾದಷ್ಟೂ ಕೋವಿ ಇನ್ನೂ ಕಮ್ಮಿ ಚಲಿಸುತ್ತದೆ. ಕಾಯಿಲೆಗೆ ನಾನೇ ಮದ್ದು ಅಂತ ವಿಷ ಹಾಕಿದ್ದೆ. ಕೋವಿಯಲ್ಲಿ ದೋಷ ಇರಲಿಲ್ಲ. 32 ಗ್ರಾಂ ಹಾಕಿದರೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಆದರೆ ದಿನಕ್ಕೆ ನೂರು ಸಲ 32 ಗ್ರಾಂ ಹೊಡೆದು ಮನೆಗೆ ಬಂದರೆ ನನ್ನ ಭುಜ ಗಡಿಯಾರದ ಹಾಗೆ ನಡೆಯುತ್ತಿರಲಿಲ್ಲ.

ಹಾಗಾದರೆ ಮೂರೂವರೆ ಇಂಚು ಯಾರಿಗೆ ಬೇಕು? ಅದು ಹುಟ್ಟಿದ್ದೇ ಒಂದು ನಿರ್ದಿಷ್ಟ ಸಂಕಟದಿಂದ. ನೀರುಹಕ್ಕಿಗಳು ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಗಳನ್ನು ನುಂಗಿ ವಿಷವೇರಿ ಸಾಯುತ್ತವೆ ಎಂದು ಗೊತ್ತಾದ ಮೇಲೆ ಸೀಸಕ್ಕೆ ಒಂದೊಂದೇ ಕಡೆ ತಡೆ ಬಂತು. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿ ಬೇಟೆಗೆ ಸೀಸ ಪೂರ್ತಿ ನಿಷೇಧ. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಎಲ್ಲ ಬೇಟೆಗೂ ನಿಲ್ಲಿಸಿತು. 2023ರಿಂದ ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲೂ ಇಲ್ಲ. ಸೀಸದ ಸಾಂದ್ರತೆ 11.3, ಉಕ್ಕಿನದು 7.8ರ ಆಸುಪಾಸು. ಹಗುರ ಚರೆ ಬೇಗ ಓಟ ಕಳೆದುಕೊಳ್ಳುತ್ತದೆ. ಅದಕ್ಕೇ ಉಕ್ಕಿನಲ್ಲಿ ಎರಡು ಸೈಜ್ ದಪ್ಪ ಚರೆ ಬೇಕು. ದಪ್ಪ ಚರೆ ಸಾಕಷ್ಟು ಸಂಖ್ಯೆಯಲ್ಲಿ ತುಂಬಲು ಜಾಗ ಬೇಕು. ಹಾಗಾಗಿ 1988ರಲ್ಲಿ ಹನ್ನೆರಡು ಬೋರಿಗೆ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಸಪುರ) ಮೂರೂವರೆ ಇಂಚಿನ ತೋಟೆ ಬಂತು. ಆಗ ಅದಕ್ಕೆ ಅರ್ಥ ಇತ್ತು. ಈಗ ಉಕ್ಕಿನ ತೋಟೆಗಳೇ ಸುಧಾರಿಸಿವೆ, ಬಿಸ್ಮತ್ ಮತ್ತು ಟಂಗ್‌ಸ್ಟನ್ ಚರೆ ಬಂದಿವೆ. ಎತ್ತರದಲ್ಲಿ ಹಾರುವ ದೊಡ್ಡ ಬಾತುಗಳನ್ನೇ ನಂಬಿದವರಿಗೆ ಬಿಟ್ಟರೆ ಮೂರಿಂಚು ಧಾರಾಳ ಸಾಕು. ಎರಡು ಬೇಟೆಯ ಕಾಲದಲ್ಲಿ ನಾನು ಹೊಡೆದ ಮೂರೂವರೆ ಇಂಚಿನ ತೋಟೆಗಳನ್ನು ಎಣಿಸಿದ್ದೇನೆ. ಹನ್ನೊಂದು. ಅದರಲ್ಲಿ ನಾಲ್ಕು ಸುಮ್ನೆ ಹೇಗಿರುತ್ತೆ ನೋಡೋಣ ಅಂತ.

ಅದೇ ಎರಡು ವರ್ಷದಲ್ಲಿ ಕ್ಲೇ ಮೇಲೆ ಹೊಡೆದದ್ದು ಸಾವಿರಗಳ ಲೆಕ್ಕ. ನನ್ನ ಪ್ರಶ್ನೆ ತಲೆಕೆಳಗಾಗಿತ್ತು ಎಂದು ಹೊಳೆದದ್ದು ಈ ಎಣಿಕೆಯಿಂದಲೇ. ಎರಡಕ್ಕೂ ಆಗುವ ಕೋವಿ ಬೇಕಾದರೆ ಅದು ನುಂಗುವ ದೊಡ್ಡ ತುತ್ತು ಯಾವುದು ಎಂದು ಕೇಳಬಾರದು. ತಪ್ಪದೇ ನುಂಗುವ ಅತಿ ಚಿಕ್ಕ ತುತ್ತು ಯಾವುದು ಎಂದು ಕೇಳಬೇಕು. ಒಲಿಂಪಿಕ್ಸ್‌ನ ಕ್ಲೇ ಆಟಗಳಾದ ಟ್ರ್ಯಾಪ್, ಸ್ಕೀಟ್ ಆಡುವವರು 24 ಗ್ರಾಂನಲ್ಲೇ ಆಡುತ್ತಾರೆ. ಬೇರೆ ಕ್ಲೇ ಆಟಗಳಲ್ಲಿ 28 ಗ್ರಾಂ ಮಾಮೂಲು. ಹಾಗಾಗಿ ಎರಡನೇ ಕೋವಿ ಹುಡುಕುವಾಗ ಜೇಬಿನಲ್ಲಿ 24 ಗ್ರಾಂನ ಒಂದು ಡಬ್ಬಿ ಇಟ್ಟುಕೊಂಡೇ ಹೋಗುತ್ತಿದ್ದೆ. ಯಾರ ಕೋವಿಯಾದರೂ ಸರಿ, ಮೈದಾನದಲ್ಲಿ ಒಂದು ಸರದಿ ಕೊಡುತ್ತೀರಾ ಎಂದು ಕೇಳುತ್ತಿದ್ದೆ. ಕೋವಿ ಇರುವವರು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ತಮ್ಮದನ್ನು ಹೊಗಳಿಸಿಕೊಳ್ಳಲು ಅವರಿಗೂ ಒಂದು ನೆಪ ಬೇಕು.

ಹೊಸ ಕೋವಿ ಮೊದಲ ಒಂದೆರಡು ಡಬ್ಬಿ ಬಿಗಿಯಾಗಿರುವುದು ಸಹಜ ಎಂಬುದನ್ನೂ ಹೇಳಿಬಿಡುತ್ತೇನೆ. ಕಾರ್ಖಾನೆಯ ದಪ್ಪ ಎಣ್ಣೆ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಮೊದಲು ನೂರು ಭಾರಿ ತೋಟೆ ಹೊಡೆದು ಆಮೇಲೆ ಹಗುರದ್ದಕ್ಕೆ ಬರಬೇಕು. ನಾನು ಅದನ್ನೂ ಮಾಡಿರಲಿಲ್ಲ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೈಪಿಡಿ ಓದುವವರು ನಮ್ಮಲ್ಲಿ ಯಾರು?

ಎರಡನೆಯದಾಗಿ ನಾನು ಆರಿಸಿದ್ದು ಗ್ಯಾಸ್ ಕೋವಿ. ಹನ್ನೆರಡು ಬೋರ್, ಮೂರಿಂಚಿನ ಚೇಂಬರ್, 28 ಇಂಚಿನ ನಳಿಗೆ, ತೂಕ 3.2 ಕಿಲೋ. ಈ ತೂಕದ ಅಂಕಿಯ ಮೇಲೆ ನಾನು ಬೇರೆಲ್ಲಕ್ಕಿಂತ ಹೆಚ್ಚು ದಿನ ತಲೆ ಕೆಡಿಸಿಕೊಂಡಿದ್ದೇನೆ. ಬೇಟೆ ಮತ್ತು ಕ್ಲೇ ನಡುವಿನ ನಿಜವಾದ ಜಗಳ ಇರುವುದು ಇಲ್ಲೇ. ಬೇಟೆಯಲ್ಲಿ ಸಾವಿರಾರು ಹೆಜ್ಜೆ, ಐದಾರು ಈಡು. ಕ್ಲೇಯಲ್ಲಿ ನೂರು ಈಡು, ನಾಲ್ಕು ಹೆಜ್ಜೆ. ನಡೆಯುವವನಿಗೆ ಕೋವಿ ಹಗುರ ಇರಬೇಕು. ನಿಂತು ಹೊಡೆಯುವವನಿಗೆ ಭಾರ ಇರಬೇಕು, ಏಕೆಂದರೆ ಭಾರದ ಕೋವಿ ಕಮ್ಮಿ ಒದೆಯುತ್ತದೆ, ಬೀಸು ಶುರುವಾದ ಮೇಲೆ ನಡುವೆ ನಿಲ್ಲುವುದಿಲ್ಲ. ಹಗುರ ಕೋವಿ ಗುಬ್ಬಿಯ ಹಾಗೆ, ಥಟ್ಟನೆ ಏಳುತ್ತದೆ, ಥಟ್ಟನೆ ನಿಂತೂ ಬಿಡುತ್ತದೆ. ಅದು ನಿಂತ ಕ್ಷಣವೇ ಚರೆ ಬಿಲ್ಲೆಯ ಹಿಂದೆ ಹೋಗುತ್ತದೆ. ಮೂರು ಕಿಲೋಗಿಂತ ಕಮ್ಮಿಯದ್ದು ಕ್ಲೇಯಲ್ಲಿ ನನ್ನನ್ನು ಕಾಡಿತು. ಮೂರೂವರೆ ದಾಟಿದ್ದು ಮಧ್ಯಾಹ್ನದ ಹೊತ್ತಿಗೆ ಮೊಣಕೈಯನ್ನು ಕಾಡಿತು. ಈಗ ಕ್ಲೇಗೆ ಹೋಗುವಾಗ ಮ್ಯಾಗಜೀನಿನ (ನಳಿಗೆಯ ಕೆಳಗೆ ತೋಟೆಗಳು ಕಾಯುವ ಕೊಳವೆಯ) ತುದಿಗೆ ಇನ್ನೂರು ಗ್ರಾಂನ ಭಾರದ ಮುಚ್ಚಳ ತಿರುಗಿಸುತ್ತೇನೆ. ಬೇಟೆಗೆ ಹೋಗುವಾಗ ತೆಗೆಯುತ್ತೇನೆ. ಗ್ಯಾಸ್ ಕೋವಿಗೆ ಈ ಭಾರದಿಂದ ತೊಂದರೆಯಿಲ್ಲ. ನನ್ನ ಹಳೆಯ ಕೋವಿಯಲ್ಲಿ ಮುಳುವಾಗಿದ್ದ ಉಪಾಯ ಇದರಲ್ಲಿ ವರವಾಯಿತು.

ಗ್ಯಾಸ್ ಕೋವಿಯ ಒದೆತ ಯಾಕೆ ಮೆತ್ತಗೆ? ಒಟ್ಟು ಒದೆತವೇನೂ ಮಾಯವಾಗುವುದಿಲ್ಲ. ಬೋಲ್ಟು, ಪಿಸ್ಟನ್ನು ಹಿಂದೆ ಹೋಗುತ್ತಾ ಅದನ್ನು ತುಸು ಹೊತ್ತಿಗೆ ಹರಡುತ್ತವೆ. ಕಪಾಳಕ್ಕೆ ಹೊಡೆಯುವ ಬದಲು ಭುಜ ಹಿಡಿದು ನೂಕಿದ ಹಾಗೆ. ಒಂದೇ ಈಡಿನಲ್ಲಿ ವ್ಯತ್ಯಾಸ ಗೊತ್ತಾಗದು. ಎಂಬತ್ತನೆಯ ಈಡಿನಲ್ಲಿ ಗೊತ್ತಾಗುತ್ತದೆ, ಆಗ ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಶುರುಮಾಡುತ್ತದೆ.

ಇನರ್ಷಿಯಾ ಕೋವಿಯನ್ನು ಇಷ್ಟಕ್ಕೇ ಜರಿಯಬೇಡಿ. ವರ್ಷಕ್ಕೆ ನಾಲ್ಕು ಸಲ ಕ್ಲೇ, ಉಳಿದಂತೆ ಕಾಡು, ಕೆಸರು, ಮಳೆ ಎನ್ನುವವರಿಗೆ ಅದೇ ಸರಿ. ಅದರ ಒಂದು ಗುಟ್ಟು ಮಾತ್ರ ತಿಳಿದಿರಬೇಕು. ಬೆಳಕು ಹರಿಯುವ ಮುಂಚೆ ಜೊಂಡಿನೊಳಗೆ ಕೂತು, ಸದ್ದಾಗದಿರಲಿ ಎಂದು ನಾನು ಒಮ್ಮೆ ಬೋಲ್ಟನ್ನು ಕೈಯಲ್ಲಿ ಹಿಡಿದು ನಿಧಾನ ಮುಚ್ಚಿದ್ದೆ. ಹಕ್ಕಿಗಳು ಬಂದವು. ಇಷ್ಟು ಹತ್ತಿರ ಅವು ಎಂದೂ ಬಂದಿರಲಿಲ್ಲ. ಟ್ರಿಗರ್ ಎಳೆದೆ. ಟಕ್! ಅಷ್ಟೇ. ಬೋಲ್ಟಿನ ತಲೆ ತಿರುಗಿ ಪೂರ್ತಿ ಕಚ್ಚಿಕೊಂಡಿರಲಿಲ್ಲ. ಈ ಜಾತಿಯ ಕೋವಿಯ ಬೋಲ್ಟನ್ನು ಬಿಟ್ಟುಬಿಡಬೇಕು, ಅದು ಧಡ್ ಎಂದು ತಾನೇ ಬಡಿದುಕೊಂಡು ಮುಚ್ಚಬೇಕು. ನಾಜೂಕು ತೋರಿಸಿದರೆ ಮುನಿಸಿಕೊಳ್ಳುತ್ತದೆ.

ಗ್ಯಾಸಿನವನ ಕಷ್ಟ ಬೇರೆ. ಮಸಿ. ಪಿಸ್ಟನ್ ಮೇಲೆ, ಮ್ಯಾಗಜೀನ್ ಕೊಳವೆಯ ಮೇಲೆ ಕರ್ರಗೆ ಗಟ್ಟಿಯಾಗಿ ಕೂರುತ್ತದೆ. ನಾನು ಐನೂರು ಈಡಿಗೊಮ್ಮೆ ಬಿಚ್ಚುತ್ತೇನೆ. ಬಿಚ್ಚುವುದು ಹತ್ತು ನಿಮಿಷ, ಉಜ್ಜುವುದು ಅರ್ಧ ಗಂಟೆ. ಮಸಿ ಕಂಡಲ್ಲೆಲ್ಲ ಎಣ್ಣೆ ಸುರಿಯಬೇಡಿ. ಎಣ್ಣೆ ಮತ್ತು ಮಸಿ ಸೇರಿ ಅಂಟಾಗುತ್ತದೆ, ಚಳಿಯಲ್ಲಿ ಅದು ಇನ್ನೂ ಗಟ್ಟಿ.

ಈಗ ನಳಿಗೆಯ ಉದ್ದ. ಮೇಲೆ ಕೆಳಗೆ ನಳಿಗೆಯಿರುವ ಕೋವಿಯಲ್ಲಿ 30, 32 ಇಂಚು ನೋಡಿ ಬಂದವರು ಸೆಮಿ ಆಟೋದಲ್ಲೂ ಅದನ್ನೇ ಕೇಳುತ್ತಾರೆ. ಸೆಮಿ ಆಟೋದ ನಳಿಗೆಯ ಹಿಂದಿನ ಪೆಟ್ಟಿಗೆಯೇ ಮೂರು ನಾಲ್ಕು ಇಂಚು ಹೆಚ್ಚು ಉದ್ದ. ಇದರ 28 ಇಂಚು ಎಂದರೆ ಅದರ 31ಕ್ಕೆ ಹತ್ತಿರ. ಇಪ್ಪತ್ತೆಂಟೇ ಸಾಕು, ಪೊದೆಯಲ್ಲಿ ನುಸುಳುವವರಿಗೆ 26. ಉದ್ದ ನಳಿಗೆ ದೂರ ಹೊಡೆಯುತ್ತದೆ ಎಂಬ ಮಾತನ್ನು ಕೇಳಿದವರೆಲ್ಲ ತಲೆದೂಗುತ್ತಾರೆ. ಈಗಿನ ಮದ್ದು ಅಷ್ಟರೊಳಗೆ ಉರಿದು ಮುಗಿದಿರುತ್ತದೆ. ಎರಡು ಇಂಚಿನಿಂದ ಹಕ್ಕಿಗೆ ಏನೂ ಗೊತ್ತಾಗುವುದಿಲ್ಲ.

ಚೋಕ್, ಅಂದರೆ ನಳಿಗೆಯ ತುದಿಯನ್ನು ತುಸು ಕಿರಿದಾಗಿಸಿ ಚರೆ ಚದುರುವುದನ್ನು ತಡೆಯುವ ಭಾಗ, ಅದರ ಬಗ್ಗೆ ಪುಟಗಟ್ಟಲೆ ಬರೆಯುವವರಿದ್ದಾರೆ. ನನ್ನದು ಎರಡೇ ಮಾತು. ಹತ್ತಿರದ್ದಕ್ಕೆ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್, ದೂರದ್ದಕ್ಕೆ ಅದಕ್ಕಿಂತ ಬಿಗಿಯಾದ ಮಾಡಿಫೈಡ್. ಇವೆರಡರಲ್ಲೇ ನನ್ನ ವರ್ಷ ಕಳೆಯುತ್ತದೆ. ಉಕ್ಕಿನ ಚರೆ ಸೀಸಕ್ಕಿಂತ ಬಿಗಿಯಾಗಿ ಹೋಗುತ್ತದೆ, ಆದ್ದರಿಂದ ಉಕ್ಕಿಗೆ ಇನ್ನೂ ಬಿಗಿಯಾದ ಫುಲ್ ಚೋಕ್ ಹಾಕಬೇಡಿ. ಹಳೆಯ ನಳಿಗೆಗಳಲ್ಲಂತೂ ತಯಾರಕರು ಒಪ್ಪಿದ್ದಾರೆಯೇ ಎಂದು ನೋಡದೆ ಉಕ್ಕನ್ನು ಹಾಕಲೇಬೇಡಿ.

ಚೋಕ್ ಬದಲಿಸುವ ಹೊತ್ತಿನಲ್ಲಿ ಕಾಲು ಭಾಗ ಕೋವಿ ಮೈಗೆ ಹೊಂದುತ್ತದೆಯೇ ಎಂದು ನೋಡಲು ಕೊಟ್ಟಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು. ಶಾಟ್‌ಗನ್ನಿಗೆ ಹಿಂದೆ ಗುರಿಕಿಂಡಿ ಇಲ್ಲ. ಹಿಂದಿನ ಗುರಿಕಿಂಡಿ ನಿಮ್ಮ ಕಣ್ಣೇ. ಕೆನ್ನೆ ಎಲ್ಲಿ ಕೂರುತ್ತದೋ ಕಣ್ಣು ಅಲ್ಲಿ, ಕಣ್ಣು ಎಲ್ಲಿರುತ್ತದೋ ಈಡು ಅಲ್ಲಿ. ಕಣ್ಣು ಒಂದೂವರೆ ಮಿಲಿಮೀಟರ್ ಸರಿದರೆ 16 ಗಜ ದೂರದಲ್ಲಿ ಈಡು ಸುಮಾರು ಒಂದು ಇಂಚು ಸರಿಯುತ್ತದೆ. 40 ಗಜದಲ್ಲಿ ಎರಡೂವರೆ ಇಂಚು. ಮೂರ್ನಾಲ್ಕು ಮಿಲಿಮೀಟರ್ ತಪ್ಪಿದರೆ ಚರೆಯ ಗುಂಪಿನ ನಡುಭಾಗ ಬಿಲ್ಲೆಯ ಪಕ್ಕ ಹಾದುಹೋಗುತ್ತದೆ. ಬಿಲ್ಲೆಯೋ, ಅಗಲ 110 ಮಿಲಿಮೀಟರ್, ತೂಕ ನೂರೈದು ಗ್ರಾಂ. ಹೆಸರಿಗೆ ಕ್ಲೇ, ಒಳಗೆ ಮಣ್ಣಿಲ್ಲ. ಸುಣ್ಣದಕಲ್ಲಿನ ಪುಡಿ ಮತ್ತು ಟಾರಿನಂಥ ಅಂಟು.

ನಾನು ಬಲಗೈಯವನು. ಬಲಕ್ಕೆ ಹಾರುವ ಬಿಲ್ಲೆಗಳು ತಪ್ಪುತ್ತಿದ್ದವು. ಎಡಕ್ಕೆ ಹಾರುವವು ಪುಡಿಪುಡಿ. ಬೀಸು ನಿಧಾನ, ಬಿಲ್ಲೆಯ ಮುಂದೆ ಬಿಡಬೇಕಾದ ಮುನ್ನಡೆ ಸಾಲದು ಎಂದು ನನ್ನನ್ನೇ ಬೈದುಕೊಂಡೆ. ಒಂದು ದಿನ ದೊಡ್ಡ ಹಾಳೆ ಕಟ್ಟಿ, ನಡುವೆ ಚುಕ್ಕೆ ಇಟ್ಟು, 16 ಗಜದಿಂದ ಹತ್ತು ಈಡು ಹಾಕಿದೆ. ಗುರಿ ಹಿಡಿಯಲಿಲ್ಲ. ಚುಕ್ಕೆ ನೋಡುತ್ತಾ ಕೋವಿ ಎತ್ತಿದೆ, ಭುಜಕ್ಕೆ ಬಂದ ಕೂಡಲೇ ಹೊಡೆದೆ. ಹತ್ತೂ ಈಡು ಮೂರು ಇಂಚು ಎಡಕ್ಕೆ ಗುಂಪುಗೂಡಿದ್ದವು. ನನ್ನ ಮುಖ ಅಗಲ. ಕಣ್ಣು ನಳಿಗೆಯ ನೇರಕ್ಕೆ ಬರದೆ ಎಡಕ್ಕೆ ನಿಲ್ಲುತ್ತಿತ್ತು. ಕೋವಿಯ ಪೆಟ್ಟಿಗೆಯಲ್ಲಿ ಇಷ್ಟು ದಿನ ಮುಟ್ಟದೇ ಬಿಟ್ಟಿದ್ದ ತೆಳು ಪ್ಲಾಸ್ಟಿಕ್ ತುಂಡುಗಳಿದ್ದವು. ಶಿಮ್ ಎನ್ನುತ್ತಾರೆ. ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಂಭಾಗ, ಬಿಚ್ಚಿ, ಅದು ಬಲಕ್ಕೆ ತುಸು ವಾಲುವ ಹಾಗಿನ ಶಿಮ್ ಹಾಕಿ, ಮತ್ತೆ ಬಿಗಿದೆ. ಹದಿನೈದು ನಿಮಿಷದ ಕೆಲಸ. ಮರುದಿನ ಬಲಕ್ಕೆ ಹಾರುವ ಬಿಲ್ಲೆಗಳು ನನ್ನ ಮೇಲಿನ ಹಗೆ ಬಿಟ್ಟವು. ಸೆಮಿ ಆಟೋದ ದೊಡ್ಡ ಅನುಕೂಲ ಇದು. ಜೋಡುನಳಿಗೆಯ ಸ್ಟಾಕ್ ಬಗ್ಗಿಸಲು ಕುಶಲಕರ್ಮಿ ಬೇಕು, ಇದಕ್ಕೆ ಒಂದು ಪಾನಾ ಸಾಕು. ಶಿಮ್ ಇಲ್ಲದ ಸೆಮಿ ಆಟೋವನ್ನು ನಾನಂತೂ ಮುಟ್ಟುವುದಿಲ್ಲ.

ಹಾಗೇ ನಿಮ್ಮ ಯಾವ ಕಣ್ಣು ಯಜಮಾನ ಎಂದೂ ನೋಡಿಕೊಳ್ಳಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಬೆರಳು ಯಾವ ಕಣ್ಣಿಗೆ ಕದಲದೇ ನಿಲ್ಲುತ್ತದೋ ಅದು. ಅದು ನೀವು ಕೋವಿ ಇಡುವ ಭುಜದ ಕಡೆಯದ್ದಲ್ಲದಿದ್ದರೆ ಮೊದಲು ಆ ಸಮಸ್ಯೆ ಬಗೆಹರಿಸಿ, ಆಮೇಲೆ ಕೋವಿ ಕೊಳ್ಳಿ. ಎಡಗೈಯವರು ಎಡಕ್ಕೆ ತೋಟೆ ಎಸೆಯುವ ಮಾದರಿಯನ್ನೇ ಹುಡುಕುವುದು ಒಳ್ಳೆಯದು. ಇಲ್ಲವಾದರೆ ಬಿಸಿ ತೋಟೆಗಳು ಮೂಗಿನ ಮುಂದೆ ಹಾರುತ್ತಿರುತ್ತವೆ.

ಕ್ಲೇ ಆಡಿದರೆ ಬೇಟೆ ಕೈಕೂಡುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಸ್ಕೀಟ್ ಆಟ ಹುಟ್ಟಿದ್ದೇ ಅದಕ್ಕಾಗಿ. 1920ರ ಆಸುಪಾಸಿನಲ್ಲಿ ಮೆಸಾಚುಸೆಟ್ಸ್‌ನ ಆಂಡೋವರ್‌ನಲ್ಲಿ ಚಾರ್ಲ್ಸ್ ಡೇವಿಸ್ ಮತ್ತು ಗೆಳೆಯರು ಗ್ರೌಸ್ ಹಕ್ಕಿ ಬೇಟೆಯ ಅಭ್ಯಾಸಕ್ಕೆ ಗಡಿಯಾರದ ಮುಖದಂತೆ ಸುತ್ತಲೂ ನಿಂತು ಹೊಡೆಯುವ ಆಟ ಕಟ್ಟಿದರು. ಪಕ್ಕದ ಜಮೀನಿನಲ್ಲಿ ಯಾರೋ ಕೋಳಿ ಸಾಕಲು ಶುರುಮಾಡಿದ ಮೇಲೆ ಆ ಕಡೆ ಹೊಡೆಯುವಂತಿರಲಿಲ್ಲ, ವೃತ್ತ ಅರ್ಧವಾಯಿತು. ಇವತ್ತಿಗೂ ಸ್ಕೀಟ್ ಅರ್ಧವೃತ್ತವೇ. ಕೋವಿಯನ್ನು ಮೊದಲೇ ಭುಜಕ್ಕೇರಿಸಿ ನಿಂತು ಅಭ್ಯಾಸ ಮಾಡಿದರೆ ಬೇಟೆಗೆ ಉಪಯೋಗವಿಲ್ಲ. ಕೋವಿ ಸೊಂಟದ ಮಟ್ಟದಲ್ಲಿರಲಿ, ಬಿಲ್ಲೆ ಕಂಡ ಮೇಲೆ ಎತ್ತಿ. ಹಕ್ಕಿ ಎಂದೂ "ರೆಡಿನಾ?" ಅಂತ ಕೇಳಿಕೊಂಡು ಏಳುವುದಿಲ್ಲ.

ಮೈದಾನದಲ್ಲಿ ಸೆಮಿ ಆಟೋದವನಿಗೆ ಸ್ವಲ್ಪ ತಗ್ಗಿ ನಡೆಯಬೇಕಾಗುತ್ತದೆ. ಜೋಡುನಳಿಗೆ ಮುರಿದು ಹೆಗಲಿಗೆ ಹಾಕಿಕೊಂಡರೆ ಅದು ಖಾಲಿ ಎಂದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ನಮ್ಮದು ಖಾಲಿಯೋ ಅಲ್ಲವೋ ದೇವರಿಗೇ ಗೊತ್ತು. ಬೋಲ್ಟ್ ತೆರೆದು, ಚೇಂಬರಿಗೆ ಕಣ್ಣಿಗೆ ರಾಚುವ ಬಣ್ಣದ ಫ್ಲ್ಯಾಗ್ ಸಿಕ್ಕಿಸಿ, ಮೂತಿ ಆಕಾಶಕ್ಕೋ ನೆಲಕ್ಕೋ ಹಿಡಿದು ನಡೆಯುವುದು ರೂಢಿಯಾಗಬೇಕು. ಟ್ರ್ಯಾಪ್‌ನಲ್ಲಿ ಪಕ್ಕದವರ ಮೇಲೆ ಬಿಸಿ ತೋಟೆ ಎಸೆಯುವವನನ್ನು ಯಾರೂ ಪ್ರೀತಿಸುವುದಿಲ್ಲ, ಅದನ್ನು ಹಿಡಿಯುವ ಸಣ್ಣ ತಡೆ ಸಿಗುತ್ತದೆ, ಹಾಕಿಕೊಳ್ಳಿ. ಇನ್ನೊಂದು ಮಾತು, ಇದು ಸಣ್ಣದಲ್ಲ. ಇಪ್ಪತ್ತು ಬೋರಿನ ತೋಟೆ ಹನ್ನೆರಡು ಬೋರಿನ ಚೀಲಕ್ಕೆ ಎಂದೂ ಬೀಳಬಾರದು. ಅದು ಹನ್ನೆರಡರ ಚೇಂಬರ್ ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿಂದ ಕಾಣುವುದಿಲ್ಲ, ಅದರ ಹಿಂದೆ ಹನ್ನೆರಡರದ್ದು ಆರಾಮಾಗಿ ಕೂರುತ್ತದೆ. ಟ್ರಿಗರ್ ಎಳೆದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತರ ತೋಟೆಗೆ ಹಳದಿ ಬಣ್ಣ ಬಳಿಯುವುದು ಈ ಕಾರಣಕ್ಕೇ. ನನ್ನ ಕೋವಿಯ ಚೀಲದಲ್ಲಿ ಹಳದಿ ಬಣ್ಣದ್ದು ಏನೂ ಇರುವುದಿಲ್ಲ, ಕರ್ಚೀಫು ಸಹ.

ಸೆಮಿ ಆಟೋ ಯಾಕೆ ಎಂದರೆ ಎಲ್ಲರೂ ಹೇಳುವುದು ಮೂರನೇ ಈಡಿನ ಮಾತು. ಬೇಟೆಯಲ್ಲಿ ಹೆಚ್ಚಿನದಕ್ಕೆ ಕಾನೂನೂ ಬಿಡುವುದಿಲ್ಲ. ಅಮೆರಿಕದಲ್ಲಿ 1935ರಿಂದ ವಲಸೆ ಹಕ್ಕಿಗೆ ಒಟ್ಟು ಮೂರೇ ತೋಟೆ, ಮ್ಯಾಗಜೀನಿಗೆ ಬೆಣೆ ಹಾಕಬೇಕು. ಯುರೋಪಿನ ಬಹುತೇಕ ಕಡೆ ಮ್ಯಾಗಜೀನಿನಲ್ಲಿ ಎರಡೇ. ನಿಜ ಹೇಳಬೇಕೆಂದರೆ ನನ್ನ ಮೂರನೇ ಈಡು ಹಕ್ಕಿಗೆ ತಾಗಿದ್ದು ಬೆರಳೆಣಿಕೆಯಷ್ಟು ಸಲ. ಮೂರನೆಯ ಹೊತ್ತಿಗೆ ಅದು ದೂರ ಹೋಗಿರುತ್ತದೆ, ಹೊಡೆಯದಿರುವುದೇ ಮರ್ಯಾದೆ. ಆ ಮೂರನೆಯದು ಉಪಯೋಗಕ್ಕೆ ಬಂದದ್ದು ಗಾಯಗೊಂಡು ನೀರಿಗೆ ಬಿದ್ದ ಹಕ್ಕಿಯ ನೋವನ್ನು ಬೇಗ ಮುಗಿಸಲು. ಅಷ್ಟಕ್ಕಾದರೂ ಅದು ಇರಲಿ ಎಂದು ನನಗನ್ನಿಸುತ್ತದೆ.

ನನ್ನ ಜೊತೆ ಬರುವ ಗೆಳೆಯನದು ಅವನ ಅಪ್ಪನ ಕಾಲದ ಜೋಡುನಳಿಗೆ. ಒಂದು ನಳಿಗೆಗೆ ಒಂದು ಚೋಕ್, ಇನ್ನೊಂದಕ್ಕೆ ಇನ್ನೊಂದು. ಯಾವುದನ್ನು ಮೊದಲು ಹಾರಿಸಬೇಕೆಂದು ಕೊನೇ ಕ್ಷಣದಲ್ಲಿ ಆರಿಸಿಕೊಳ್ಳುತ್ತಾನೆ. ಆ ಸುಖ ನನ್ನ ಕೋವಿಯಲ್ಲಿ ಇಲ್ಲ. ಅವನದು ಎಂಥ ತೋಟೆಗೂ ಮುನಿಸಿಕೊಳ್ಳುವುದಿಲ್ಲ, ಮಸಿ ತಿಕ್ಕುವ ಕೆಲಸವೂ ಅವನಿಗಿಲ್ಲ. ಸಂಜೆಗೆ ಅವನ ಭುಜ ಕೆಂಪಗಾಗಿರುತ್ತದೆ, ನನ್ನದು ಆಗಿರುವುದಿಲ್ಲ, ಅದನ್ನು ಅವನು ಒಪ್ಪುವುದಿಲ್ಲ. ಹೊರಡುವ ಹೊತ್ತಿಗೆ ಅವನು ಕೋವಿ ಮುರಿದು, ಎರಡು ಖಾಲಿ ತೋಟೆ ಜೇಬಿಗೆ ಹಾಕಿಕೊಂಡು, ದಂಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿರುತ್ತಾನೆ. ನಾನು ಮೊಣಕಾಲುದ್ದ ನೀರಿನಲ್ಲಿ ಬಗ್ಗಿಕೊಂಡು, ಜೊಂಡು ಸರಿಸುತ್ತಾ, ಎಲ್ಲೋ ಹಾರಿಬಿದ್ದ ಮೂರನೆಯದನ್ನು ಹುಡುಕುತ್ತಿರುತ್ತೇನೆ.